ಭುಜದಡಿಗೆ ಒಂದು ಮಡಿಸಿದ ಬಟ್ಟೆ

ಆಗ ನಾನು ಕೋಲಾರಕ್ಕೆ ಬಂದ ಹೊಸತು. ಒಂದು ರಾತ್ರಿ ಮುಳಬಾಗಿಲು ಕಡೆಯ ತಾಯಿಯೊಬ್ಬರಿಗೆ ಹೆರಿಗೆಯಾಯಿತು. ಮಗು 2.8 ಕೆಜಿ. ಅಳಲಿಲ್ಲ, ಉಸಿರೂ ಎಳೆಯಲಿಲ್ಲ. ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದರೂ ಎದೆ ಸರಿಯಾಗಿ ಏಳಲಿಲ್ಲ. ಶ್ವಾಸನಾಳಕ್ಕೆ ಟ್ಯೂಬ್ ಹಾಕೋಣ ಎಂದು, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಕೈಗೆ ತೆಗೆದುಕೊಂಡೆ.

ನಾಲಿಗೆ ಬಿಟ್ಟರೆ ಏನೂ ಕಾಣಲಿಲ್ಲ. ಇನ್ನೂ ಒಳಗೆ ಹೋದೆ. ಬರೀ ಗುಲಾಬಿ ಬಣ್ಣ. "ಮೂವತ್ತು ಸೆಕೆಂಡ್ ಆಯ್ತು" ಎಂದರು ಸಿಸ್ಟರ್. ನಿಲ್ಲಿಸಿದೆ. ಪುಟ್ಟ ಮಕ್ಕಳು ತೂಕಕ್ಕೆ ಹೋಲಿಸಿದರೆ ನಮ್ಮ ಎರಡರಷ್ಟು ಆಕ್ಸಿಜನ್ ಬಳಸುತ್ತವೆ, ಕಾಯುವ ಹಾಗಿಲ್ಲ.

"ಡಾಕ್ಟ್ರೇ, ಕತ್ತು ಬಗ್ಗಿದೆ ನೋಡಿ" ಎಂದು ಸಿಸ್ಟರ್ ಬಟ್ಟೆಯೊಂದನ್ನು ಮಡಿಸಿ ಭುಜದಡಿಗೆ ಇಟ್ಟರು.

ಓದಿದ್ದು ಕಣ್ಣೆದುರಿಗೆ ಬಂದಿದ್ದು ಆಗಲೇ. ಹಸುಗೂಸಿನ ಹಿಂದಲೆ ದೊಡ್ಡದು. ಅಂಗಾತ ಮಲಗಿಸಿದರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ದೊಡ್ಡವರಿಗೆ ತಲೆಯಡಿ ದಿಂಬು ಇಡುತ್ತೇವೆ, ಇವಕ್ಕೆ ಭುಜದಡಿ. ಹಾಗಂತ ಕತ್ತನ್ನು ಜಾಸ್ತಿ ಹಿಂದಕ್ಕೆ ಎಳೆದರೂ ದಾರಿ ಮುಚ್ಚುತ್ತದೆ. ಮೂಗು ಸೂರು ನೋಡುವಷ್ಟು ಸಾಕು. ಕತ್ತು ಸರಿಯಾದದ್ದೇ ಬ್ಯಾಗ್‌ಗೆ ಎದೆ ಏಳತೊಡಗಿತು, ಎದೆಬಡಿತ ನೂರು ದಾಟಿತು. ಆದರೆ ಮಗು ತಾನಾಗಿ ಉಸಿರಾಡಲಿಲ್ಲ.

ಎರಡನೇ ಸಲ ಲ್ಯಾರಿಂಗೋಸ್ಕೋಪಿನ ನೇರ ಬ್ಲೇಡನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡೆ. ಲಾಳದ ಹಾಗೆ ಬಾಗಿದ, ಮೆತ್ತಗಿನ ಎಪಿಗ್ಲಾಟಿಸ್, ಅಂದರೆ ಧ್ವನಿಪೆಟ್ಟಿಗೆಯ ಮುಚ್ಚಳ, ಕಣ್ಣಿಗೆ ಬಿತ್ತು. ಮೊದಲ ಸಲ ನಾನು ಅದನ್ನು ದಾಟಿ ಅನ್ನನಾಳಕ್ಕೆ ಹೋಗಿದ್ದೆ. ಹಸುಗೂಸಿನ ಧ್ವನಿಪೆಟ್ಟಿಗೆ ಕತ್ತಿನ ಮೂರು-ನಾಲ್ಕನೇ ಮೂಳೆಯ ಮಟ್ಟದಲ್ಲಿರುತ್ತದೆ, ನಮ್ಮಲ್ಲಿ ಇನ್ನೂ ಕೆಳಗೆ. ಆಳಕ್ಕೆ ಹುಡುಕಿದರೆ ಎಲ್ಲಿ ಸಿಗುತ್ತದೆ ಅಲ್ವಾ? ಎಪಿಗ್ಲಾಟಿಸ್ ಎತ್ತಿ ಹಿಡಿದೆ. ಸಿಸ್ಟರ್ ಬೆರಳಿನಿಂದ ಗಂಟಲನ್ನು ಹಗುರವಾಗಿ ಒತ್ತಿದರು. ಸ್ವರತಂತುಗಳು ಕಂಡವು.

3.5 ಮಿಮೀ ಟ್ಯೂಬ್ ಸಲೀಸಾಗಿ ಹೋಯಿತು. ಬಿಗಿಯಾದರೆ ನಾನು ಎಂದೂ ತಳ್ಳುವುದಿಲ್ಲ. ತಂತುಗಳ ಕೆಳಗಿನ ಕ್ರೈಕಾಯ್ಡ್ ಎಂಬ ಮೃದ್ವಸ್ಥಿಯ ಉಂಗುರ ಹಿಗ್ಗುವುದಿಲ್ಲ. 4 ಮಿಮೀ ದಾರಿಯಲ್ಲಿ ಸುತ್ತಲೂ 1 ಮಿಮೀ ಊತ ಬಂದರೆ ಉಳಿಯುವುದು ಕಾಲು ಭಾಗದಷ್ಟು ಜಾಗ. ಟ್ಯೂಬ್ ಎಷ್ಟು ಆಳಕ್ಕೆ ಎಂಬ ಲೆಕ್ಕ, ಕೆಜಿ ತೂಕಕ್ಕೆ ಆರು ಕೂಡಿಸಿ: ತುಟಿಯ ಬಳಿ ಸುಮಾರು 9 ಸೆಂಮೀ. ಶ್ವಾಸನಾಳದ ಉದ್ದವೇ 4-5 ಸೆಂಮೀ. ಗಲ್ಲ ಬಗ್ಗಿದರೆ ಟ್ಯೂಬ್ ಬಲಗಡೆಯ ಶ್ವಾಸಕೋಶದತ್ತ ಜಾರುತ್ತದೆ. ಅದಕ್ಕೇ ಪ್ಲಾಸ್ಟರ್ ಹಾಕುವವರೆಗೂ ತಲೆಯನ್ನು ಒಬ್ಬರು ಹಿಡಿದೇ ಇರಬೇಕು.

ಉಸಿರಿನ ಇಂಗಾಲದ ಡೈಆಕ್ಸೈಡ್ ಗುರುತಿಸುವ ಡಿಟೆಕ್ಟರ್ ನೇರಳೆಯಿಂದ ಹಳದಿಗೆ ತಿರುಗಿತು, ಟ್ಯೂಬ್ ಶ್ವಾಸನಾಳದಲ್ಲೇ ಇದೆ ಎಂದರ್ಥ. ಎದೆಯ ಎರಡೂ ಕಡೆ ಸದ್ದು ಸಮನಾಗಿ ಕೇಳಿಸಿತು.

ಬೆಳಗ್ಗೆ ಅಜ್ಜಿ ಗಾಜಿನಾಚೆಯಿಂದ ನೋಡಿ ಗಾಬರಿಯಾದರು. "ಕೂಸು ಬಾಯಿ ತೆಗೀತೈತೆ, ಸದ್ದೇ ಇಲ್ಲ. ಮಾತು ಬರಲ್ವಾ ಡಾಕ್ಟ್ರೇ?"

"ಹಾಗೇನಿಲ್ಲ ಅಜ್ಜಿ. ಸ್ವರ ಹುಟ್ಟುವ ಜಾಗದಲ್ಲೇ ಪೈಪ್ ಇದೆ. ತೆಗೆದ ಮೇಲೆ ಅಳುತ್ತೆ" ಎಂದೆ.

ಮೂರನೇ ದಿನ ಟ್ಯೂಬ್ ತೆಗೆದೆವು. ಅಳು ಒಡಕು ಒಡಕಾಗಿ ಬಂತು. ಅಜ್ಜಿ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು.