ಪ್ರಾಜೆಕ್ಟ್ ಮಾಡಬೇಕಾ? ಮೊದಲು ಗಂಜ್‌ಗೆ ಹೋಗಿ

ಕೊನೆಯ ವರ್ಷದ ಪ್ರಾಜೆಕ್ಟ್ ಅಂದ ಕೂಡಲೇ ಏನಾಗುತ್ತದೆ ಗೊತ್ತಲ್ವಾ. ಒಂದೇ ಬ್ರಾಂಚಿನ, ಒಂದೇ ಬೆಂಚಿನ ನಾಲ್ವರು ಸೇರುತ್ತಾರೆ. ಟೈಟಲ್ ಹುಡುಕುತ್ತಾರೆ. ಸ್ಮಾರ್ಟ್ ಡಸ್ಟ್‌ಬಿನ್, ಸ್ಮಾರ್ಟ್ ನೀರಾವರಿ, ಸ್ಮಾರ್ಟ್ ಹಾಜರಾತಿ, ಇಷ್ಟರಲ್ಲಿ ಒಂದು. ಮಾಡೋಕೆ ಬರದಿದ್ದರೆ ರೆಡಿಮೇಡ್ ಕಿಟ್ ಮಾರುವವರು ಇದ್ದೇ ಇದ್ದಾರೆ, ದುಡ್ಡು ಕೊಟ್ಟರೆ ರಿಪೋರ್ಟ್ ಸಮೇತ ಕೈಗೆ ಕೊಡುತ್ತಾರೆ. ವೈವಾ ಮುಗಿದ ಮೇಲೆ ಅದು ಲ್ಯಾಬಿನ ಕಪಾಟು ಸೇರುತ್ತದೆ.

ಅಷ್ಟು ಸಾಕು ಅನ್ನುವವರಿಗೆ ಈ ಬರಹ ಬೇಡ. ಕಲಬುರಗಿ, ಬೀದರ್, ಯಾದಗಿರಿ ಕಡೆ ಓದುತ್ತಿದ್ದೀರಿ, ಬೇರೆ ಬೇರೆ ವಿಷಯದವರು ಕೂಡಿ ಯಾರಿಗಾದರೂ ನಿಜವಾಗಿ ಬೇಕಾದ ಕೆಲಸ ಮಾಡಬೇಕು ಅಂತಿದ್ದೀರಿ ಅಂದರೆ ಮುಂದೆ ಓದಿ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಹಿಡಿಯುವ ಸಮಸ್ಯೆಗೆ ಒಬ್ಬ ವಾರಸುದಾರ ಇರಬೇಕು. "ರೈತರ ಸಮಸ್ಯೆ", "ಗ್ರಾಮೀಣ ಮಹಿಳೆಯರ ಸಮಸ್ಯೆ" ಅಂತೆಲ್ಲ ಬರೆಯಬೇಡಿ. ಆಳಂದ ತಾಲ್ಲೂಕಿನ ಇಂಥ ಊರಿನ ಇಂಥ ಕಾಕಾ, ಅವರ ಹೊಲ ಇಷ್ಟು ಎಕರೆ, ಅವರಿಗೆ ತೊಂದರೆ ಆಗುವುದು ಇಂಥ ತಿಂಗಳಲ್ಲಿ. ಇಷ್ಟು ಹೇಳೋಕೆ ಆಗದಿದ್ದರೆ ನಿಮ್ಮ ಹತ್ತಿರ ಇರುವುದು ಇನ್ನೂ ಟೈಟಲ್ ಮಾತ್ರ. ಎರಡು ವಾರ ನೀವು ಆ ಕಡೆ ಹೋಗದಿದ್ದರೆ ಫೋನ್ ಮಾಡಿ "ಯಾಕ್ ತಮ್ಮಾ, ಬರಲಿಲ್ಲಲ್ಲ" ಅಂತ ಕೇಳುವ ಒಬ್ಬ ಮನುಷ್ಯ ಬೇಕು.

ಸಮಸ್ಯೆ ಹುಡುಕುವುದು

ತೊಗರಿಯಿಂದಲೇ ಶುರು ಮಾಡೋಣ. ಕಲಬುರಗಿಯಲ್ಲಿ ಕೂತು ತೊಗರಿ ಬಿಟ್ಟು ಬೇರೇನು ಹಿಡಿಯೋದು, ಅಲ್ವಾ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಮೇಲೆ ಸಿಗುವ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ಎಲೆಕ್ಟ್ರಾನಿಕ್ಸ್‌ನ ಹುಡುಗರಿಗೆ ತೊಗರಿ ಅಂದ ತಕ್ಷಣ ಹೊಳೆಯುವುದು ತೇವಾಂಶ ಅಳೆಯುವ ಯಂತ್ರ. ಐಡಿಯಾ ತಪ್ಪೇನಿಲ್ಲ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ತೊಗರಿಯಲ್ಲಿ ತೇವಾಂಶ ಶೇ 12ಕ್ಕಿಂತ ಜಾಸ್ತಿ ಇರಬಾರದು ಅನ್ನುವ ನಿಯಮ ಇದೆ. ಒಂದು ಸೆನ್ಸರ್, ಒಂದು ಡಿಸ್‌ಪ್ಲೇ, ಒಂದು ಡಬ್ಬಿ. ಆಯ್ತಲ್ಲ?

ಆಗಲಿಲ್ಲ. ರಾಶಿ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ ಗಂಜ್‌ಗೆ, ಅಂದರೆ ಕಾಳು ಮಾರುವ ಮಾರುಕಟ್ಟೆಗೆ, ಹೋಗಿ ಸುಮ್ನೆ ನಿಂತು ನೋಡಿ. ಅಡತಿ ಅಂಗಡಿಯವರು (ಕಮಿಷನ್ ಮೇಲೆ ಮಾಲು ಮಾರಿಸಿಕೊಡುವವರು) ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆಯುತ್ತಾರೆ, ಒಂದನ್ನು ಹಲ್ಲಿನ ನಡುವೆ ಇಟ್ಟು ಕಡಿಯುತ್ತಾರೆ. ಕಟ್ ಅಂತ ಒಡೆದರೆ ಒಣಗಿದೆ. ಮೆತ್ತಗೆ ಒತ್ತಿಕೊಂಡರೆ "ಹಸಿ ಅದ" ಅಂದುಬಿಡುತ್ತಾರೆ, ರೇಟು ಇಳಿಯುತ್ತದೆ. ನಿಮ್ಮ ಯಂತ್ರ ತೋರಿಸಿ ನೋಡಿ. "ನಮ್ ಹಲ್ಲೇ ನಮ್ ಮಷೀನ್ ಅದ ತಮ್ಮಾ, ನಿಂದು ನಿನ್ ಬಲ್ಲಿ ಇಟ್ಕೋ" ಅನ್ನುವ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಅದೇ ನಿಮಗೆ ಸಿಕ್ಕ ಅಸಲಿ ಮಾಹಿತಿ. ಹಲ್ಲು ಒಳ್ಳೆಯ ಮೀಟರೇ, ವರ್ಷಗಟ್ಟಲೆ ಪಳಗಿದೆ. ತೊಂದರೆ ಏನೆಂದರೆ ಆ ಮೀಟರ್ ಒಬ್ಬರ ಬಾಯಲ್ಲಿ ಮಾತ್ರ ಇದೆ. ಚೀಲ ತಂದವರು ಅದನ್ನು ಓದೋಕೆ ಆಗುವುದಿಲ್ಲ.

ಹಾಗಾಗಿ ಪ್ರಶ್ನೆ ಬದಲಾಯಿತು. ತೇವಾಂಶ ಅಳೆಯೋದು ಹೇಗೆ ಅನ್ನುವುದು ಹೋಗಿ, ಕೊಡುವವರೂ ಕೊಳ್ಳುವವರೂ ಇಬ್ಬರೂ ಒಪ್ಪುವ ಅಳತೆ ಯಾವುದು ಅನ್ನುವುದು ಬಂತು. ಇದು ಎಲೆಕ್ಟ್ರಾನಿಕ್ಸ್ ಒಂದರಿಂದ ಬಗೆಹರಿಯುವ ಪ್ರಶ್ನೆ ಅಲ್ಲ. ಈಗ ನಿಮಗೆ ಬೇರೆ ವಿಭಾಗದವರು ನಿಜವಾಗಿಯೂ ಬೇಕು. ಪೋಸ್ಟರ್ ಮೇಲೆ "ಬಹುಶಿಸ್ತೀಯ" ಅಂತ ಬರೆಯೋಕೆ ಬೇರೆ ಬ್ರಾಂಚಿನ ಒಂದು ಹೆಸರು ಸೇರಿಸಿಕೊಳ್ಳುವುದು ಬೇರೆ, ಇದು ಬೇರೆ.

ಒಂದು ಲೆಕ್ಕ ನೋಡಿ, ಇದನ್ನು ಕಾಮರ್ಸ್ ಓದುವವರು ಐದು ನಿಮಿಷದಲ್ಲಿ ಮಾಡುತ್ತಾರೆ. ಒಂದು ಕ್ವಿಂಟಲ್ ತೊಗರಿಯಲ್ಲಿ ಶೇ 14 ತೇವಾಂಶ ಇದೆ ಅಂದುಕೊಳ್ಳಿ. ಅಂದರೆ ನೀರು 14 ಕೆಜಿ, ಉಳಿದದ್ದು 86 ಕೆಜಿ. ಅದೇ ಕಾಳು ಶೇ 12ಕ್ಕೆ ಒಣಗಿದರೆ ಒಟ್ಟು ತೂಕ ಸುಮಾರು 97.7 ಕೆಜಿ ಆಗುತ್ತದೆ. ಅಂದರೆ ಹಸಿಯ ನೆಪದಲ್ಲಿ ನ್ಯಾಯವಾಗಿ ತೂಕದಲ್ಲಿ ಕಡಿತ ಮಾಡಬೇಕಾದ್ದು ಕ್ವಿಂಟಲ್‌ಗೆ 2.3 ಕೆಜಿಯಷ್ಟು, ಜೊತೆಗೆ ಒಣಗಿಸುವ ಖರ್ಚು. ಅದಕ್ಕಿಂತ ಜಾಸ್ತಿ ಕಡಿತ ಮಾಡಿದ್ದರೆ ಅದಕ್ಕೆ ಬೇರೆ ಕಾರಣ ಇರಬೇಕು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ, ಕನ್ನಡದಲ್ಲಿ, ಶೇ 12ರಿಂದ 18ರವರೆಗೆ ಪಟ್ಟಿ ಮಾಡಿ ರೈತರ ಕೈಗೆ ಕೊಟ್ಟರೆ ಅದೇ ಅರ್ಧ ಪ್ರಾಜೆಕ್ಟ್. ಯಂತ್ರ ಆಮೇಲೆ ನೋಡಿಕೊಳ್ಳಿ.

ಬೀದರ್‌ನವರಾದರೆ ಬಿದ್ರಿ ಇದೆ, ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕರಕುಶಲ ಕೆಲಸ. ದಯವಿಟ್ಟು ಮತ್ತೊಂದು ಮಾರಾಟದ ವೆಬ್‌ಸೈಟ್ ಮಾಡಬೇಡಿ, ಪ್ರತಿ ಬ್ಯಾಚಿನವರೂ ಅದನ್ನೇ ಮಾಡುತ್ತಾರೆ. ಒಂದಿಡೀ ದಿನ ಕೆಲಸದ ಜಾಗದಲ್ಲಿ ಕೂತು ನೋಡಿ. ಸತು, ತಾಮ್ರ ಕರಗಿಸಿ ಎರಕ ಹೊಯ್ಯುವುದು, ಉಜ್ಜುವುದು, ಉಳಿಯಿಂದ ಕೆತ್ತುವುದು, ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣು, ನವಸಾಗರದ ಬಿಸಿ ನೀರಿನಲ್ಲಿ ಕಪ್ಪು ಮಾಡುವುದು. ಯಾವ ಹಂತದಲ್ಲಿ ದೂಳು ಮೂಗಿಗೆ ಹೋಗುತ್ತದೆ, ಎಲ್ಲಿ ಬೆಳಕು ಸಾಲುವುದಿಲ್ಲ, ಎಷ್ಟು ಹೊತ್ತಿಗೆ ಬೆನ್ನು ಹಿಡಿಯುತ್ತದೆ? ಮೆಕ್ಯಾನಿಕಲ್‌ನವರೂ ಫಿಸಿಯೋಥೆರಪಿಯವರೂ ಕೂಡಿ ಕೂರುವ ಎತ್ತರ ಒಂದನ್ನೇ ಸರಿ ಮಾಡಿಕೊಟ್ಟರೂ ಅದು ಒಳ್ಳೆಯ ಪ್ರಾಜೆಕ್ಟ್. ಯಾದಗಿರಿ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಭಾಗದ ಹೊಲದವರನ್ನು ಕೇಳಿ, ನೀರಿನ ಕಥೆ ತಾವಾಗಿಯೇ ಹೇಳುತ್ತಾರೆ. ಇಡೀ ಕಾಲುವೆ ನಿಮ್ಮಿಂದ ಆಗದು. ಒಂದೇ ಒಂದು ಹಂಚಿಕೆ ಕಾಲುವೆ ಹಿಡಿದು, ನೀರು ಯಾವತ್ತು ಬಂತು, ಎಷ್ಟು ಎತ್ತರ ಬಂತು ಅಂತ ಒಂದು ಹಂಗಾಮು ಬರೆದಿಡುವುದು ಆಗುತ್ತದೆ.

ತಂಡ ಕಟ್ಟುವುದು

ನಾಲ್ಕರಿಂದ ಆರು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಗ್ರೂಪಿನಲ್ಲಿ ಥಂಬ್ಸ್ ಅಪ್ ಹಾಕುತ್ತಾರೆ.

ಬೇರೆ ವಿಷಯದವರು ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡಿ, ಈ ಭಾಗದಲ್ಲಿ ಎಲ್ಲರೂ ಇದ್ದಾರೆ. ಕಲಬುರಗಿ ಊರಲ್ಲೇ 1958ರಿಂದ ಇರುವ ಪಿಡಿಎ ಇಂಜಿನಿಯರಿಂಗ್ ಕಾಲೇಜು, ಶರಣಬಸವ ವಿಶ್ವವಿದ್ಯಾಲಯ, ಕೃಷಿ ಕಾಲೇಜು, 1980ರ ಗುಲಬರ್ಗಾ ವಿಶ್ವವಿದ್ಯಾಲಯ. ಆಳಂದ ರಸ್ತೆಯಲ್ಲಿ ಕಡಗಂಚಿಗೆ ಹೋದರೆ ಕೇಂದ್ರೀಯ ವಿಶ್ವವಿದ್ಯಾಲಯ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ಇನ್ನೊಂದು ಕೃಷಿ ಕಾಲೇಜು. ಕಷ್ಟ ಇರುವುದು ಟೈಮ್‌ಟೇಬಲ್ ಹೊಂದಿಸೋದರಲ್ಲಿ. ವಾರಕ್ಕೆ ಒಂದು ಸಂಜೆ ಖಾಯಂ ಮಾಡಿಕೊಳ್ಳಿ, ಏನೇ ಆದರೂ ಅವತ್ತು ಸೇರಬೇಕು. ಎರಡು ಕಾಲೇಜಿನವರು ಸೇರಿದ್ದರೆ ಎರಡೂ ಕಡೆ ಒಬ್ಬೊಬ್ಬ ಗೈಡ್ ಇರಲಿ, ಇಬ್ಬರೂ ಸಹಿ ಹಾಕಿದ ಒಂದು ಪತ್ರ ಇರಲಿ. ಇಲ್ಲದಿದ್ದರೆ ಇಂಟರ್ನಲ್ ಮಾರ್ಕ್ಸ್ ಹೊತ್ತಿಗೆ "ಇದು ನಮ್ಮ ಸಿಲಬಸ್ಸಿನಲ್ಲಿ ಬರಲ್ಲ" ಅನ್ನುವ ಮಾತು ಬಂದೇ ಬರುತ್ತದೆ.

ಕೆಲಸ ಹಂಚುವಾಗ ಒಂದು ಅಭ್ಯಾಸ ಎಲ್ಲರಿಗೂ ಇದೆ. ಕೋಡ್ ಬರೆಯೋದು ಸಿಎಸ್‌ನವರು, ಸರ್ವೆ ಮಾಡೋದು ಎಂಎಸ್‌ಡಬ್ಲ್ಯೂದವರು (ಸಮಾಜಕಾರ್ಯ ಓದುವವರು), ಪಿಪಿಟಿ ಮಾಡೋದು ಎಂಬಿಎದವರು. ಹೀಗೆ ಹಂಚಿದರೆ ಬೇರೆ ಬೇರೆ ಮೂರು ಪ್ರಾಜೆಕ್ಟ್ ಆಗುತ್ತವೆ, ಒಂದೂ ಸೇರುವುದಿಲ್ಲ. ಮೊದಲ ಮೂರು ಸಲ ಎಲ್ಲರೂ ಒಟ್ಟಿಗೆ ಹೊಲಕ್ಕೆ, ಗಂಜ್‌ಗೆ, ದಾಲ್ ಮಿಲ್‌ಗೆ ಹೋಗಿ. ಕೋಡ್ ಬರೆಯುವವರು ಕಾಳು ಕಡಿಯುವುದನ್ನು ಕಣ್ಣಾರೆ ನೋಡಿರಬೇಕು. ಎಂಎಸ್‌ಡಬ್ಲ್ಯೂದವರು ಸೆನ್ಸರ್ ಯಾಕೆ ತಪ್ಪು ತೋರಿಸುತ್ತದೆ ಅಂತ ತಿಳಿದಿರಬೇಕು. ಆಮೇಲೆ ಹಂಚಿಕೊಳ್ಳಿ. ಹೋಗಿ ಬರುವ ಖರ್ಚಿನ ಬಗ್ಗೆ ಒಂದು ಮಾತು: ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಬಸ್ಸು ಫ್ರೀ, ಹಾಗಾಗಿ ತಂಡದಲ್ಲಿ ಹುಡುಗಿಯರು ಜಾಸ್ತಿ ಇದ್ದಷ್ಟೂ ಬಜೆಟ್‌ಗೆ ಒಳ್ಳೆಯದು. ತಮಾಷೆಗೆ ಹೇಳಿದರೂ ಹೆಣ್ಣುಮಕ್ಕಳ ಹತ್ತಿರ ಮಾತಾಡಬೇಕಾದ ಕಡೆ ಅವರಿಲ್ಲದೆ ನಡೆಯುವುದೇ ಇಲ್ಲ. ಒಣಗಿಸುವ ಕೆಲಸ, ಹಸನು ಮಾಡುವ ಕೆಲಸ ಮನೆಯ ಹೆಂಗಸರದ್ದೇ, ಆದರೆ ಬಾಗಿಲಲ್ಲಿ ಉತ್ತರ ಕೊಡೋಕೆ ಬರುವುದು ಗಂಡಸರು.

ಮಾತಾಡುವಾಗ ಗೂಗಲ್ ಫಾರ್ಮ್ ಮೊದಲು ತೆಗೆಯಬೇಡಿ. "ನಿಮಗೆ ಆ್ಯಪ್ ಬೇಕಾ?" ಅಂತ ಕೇಳಿದರೆ ಮರ್ಯಾದೆಗಾದರೂ "ಹೂಂ ಬೇಕ್ರಿ" ಅನ್ನುತ್ತಾರೆ. "ಕಾಕಾ, ಹೋದ ವರ್ಷ ಮಾಲು ಹೆಂಗ ಮಾರಿದ್ರಿ, ಯಾವತ್ ಒಯ್ದ್ರಿ, ಎಷ್ಟ್ ಕಡದ್ರು?" ಅಂತ ಕೇಳಿ. ಆಗಿಹೋದ ಸಂಗತಿ ಕೇಳಿದರೆ ನಿಜ ಬರುತ್ತದೆ. ಪಟ್ಟಿ ಚೀಟಿ ಇದ್ದರೆ ತೋರಿಸಿ ಅನ್ನಿ, ಕೆಲವರು ಜೋಪಾನವಾಗಿ ಇಟ್ಟಿರುತ್ತಾರೆ.

ಬೆಳೆಗೂ ಸೆಮಿಸ್ಟರ್‌ಗೂ ತಾಳ ಇಲ್ಲ

ಈ ವಿಷಯ ಯಾವ ಗೈಡೂ ಹೇಳುವುದಿಲ್ಲ. ತೊಗರಿ ಬಿತ್ತುವುದು ಜೂನ್-ಜುಲೈ. ಕಟಾವು, ರಾಶಿ ಡಿಸೆಂಬರ್-ಜನವರಿ ಹೊತ್ತಿಗೆ. ಪ್ರಾಜೆಕ್ಟ್ ಕೆಲಸ ನಿಜವಾಗಿ ಬಿಸಿ ಏರುವುದು ಫೆಬ್ರುವರಿ ಮೇಲೆ, ಆಗ ಹೊಲದಲ್ಲಿ ಬರೀ ಕೂಳೆ. ಆದ್ದರಿಂದ ಹೊಲದಲ್ಲಿ ಪರೀಕ್ಷೆ ಮಾಡುವ ಯಾವುದೇ ವಿಷಯವಾದರೆ ಆರನೇ ಸೆಮಿಸ್ಟರ್ ರಜೆಯಲ್ಲೇ ಶುರು ಮಾಡಿ, ಡಿಸೆಂಬರ್‌ಗೆ ಯಂತ್ರ ಕೈಯಲ್ಲಿರಲಿ. ತಡವಾಯಿತು ಅಂದರೆ ವಿಷಯ ಬದಲಿಸಿ. ಬೇಸಿಗೆಯಲ್ಲಿ ದಾಲ್ ಮಿಲ್ ಇದೆ, ಕುಡಿಯುವ ನೀರು ಇದೆ, ಬಸ್ ನಿಲ್ದಾಣದ ನೆರಳು ಇದೆ. ಬಿಸಿಲಿಗೆ ಸಂಬಂಧಿಸಿದ ಪ್ರಾಜೆಕ್ಟ್ ಮಾಡೋಕೆ ಕಲಬುರಗಿಯ ಏಪ್ರಿಲ್‌ಗಿಂತ ಒಳ್ಳೆಯ ಲ್ಯಾಬ್ ಬೇಕಾ!

ಯಂತ್ರ ಮಾಡುವಾಗ

ಮೊದಲ ಮಾದರಿ ರಟ್ಟಿನಲ್ಲೇ ಮಾಡಿ. ಡಬ್ಬಿಯ ಆಕಾರ, ಗುಂಡಿ ಎಲ್ಲಿ, ಅಂಕಿ ಎಷ್ಟು ದೊಡ್ಡದು. ಬಿಸಿಲಲ್ಲಿ ಹಿಡಿದು ತೋರಿಸಿ, ಕಾಣುತ್ತಾ ಕೇಳಿ. ತಿಂಗಳುಗಟ್ಟಲೆ ಸರ್ಕ್ಯೂಟ್ ಮಾಡಿ ಆಮೇಲೆ ಡಿಸ್‌ಪ್ಲೇ ಬಿಸಿಲಿಗೆ ಕಾಣಲ್ಲ ಅಂತ ಗೊತ್ತಾದರೆ ಏನು ಲಾಭ.

ಸೆನ್ಸರ್ ಹೇಳಿದ್ದನ್ನು ನಂಬಬೇಡಿ, ತಾಳೆ ನೋಡಿ. ಕಾಳಿನ ತೇವಾಂಶಕ್ಕೆ ದಾರಿ ಸರಳ. ತೂಕ ಮಾಡಿ, ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಕ ಮಾಡಿ. 100 ಗ್ರಾಂ 88 ಆದರೆ ಶೇ 12. ಕೃಷಿ ಕಾಲೇಜಿನವರು ತಂಡದಲ್ಲಿದ್ದರೆ ಓವನ್ ಚಿಂತೆ ಇಲ್ಲ. ನಿಮ್ಮ ಯಂತ್ರಕ್ಕೆ ಒಂದೇ ತೊಗರಿಯನ್ನು ಸಡಿಲವಾಗಿ ತುಂಬಿದಾಗ ಒಂದು ಅಂಕಿ, ಅಲುಗಾಡಿಸಿ ಗಟ್ಟಿಯಾಗಿ ತುಂಬಿದಾಗ ಇನ್ನೊಂದು ಅಂಕಿ ಬರುತ್ತದೆ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಗೂ ವ್ಯತ್ಯಾಸ ಇರುತ್ತದೆ. ಇಷ್ಟನ್ನೂ ಪಟ್ಟಿ ಮಾಡದೆ ಗಂಜ್‌ಗೆ ಹೋದರೆ ಹಲ್ಲೇ ಗೆಲ್ಲುತ್ತದೆ, ಗೆಲ್ಲಬೇಕು ಕೂಡ.

ಮಣ್ಣಿನ ತೇವ ಅಳೆಯುವವರಿಗೆ ಇನ್ನೊಂದು ಮಾತು. ಎರಡು ಮುಳ್ಳಿನ ಅಗ್ಗದ ಸೆನ್ಸರ್ ಬೇಡ. ಕರೆಂಟ್ ಹರಿದು ಅದರ ಲೋಹ ಬೇಗ ತಿಂದುಹೋಗುತ್ತದೆ. ಕೆಪಾಸಿಟಿವ್ ತರಹದ್ದು ತಗೊಳ್ಳಿ. ಆದರೂ ನಮ್ಮ ಎರಿ ಭೂಮಿ (ಕಪ್ಪು ಮಣ್ಣು) ಒಣಗಿದಾಗ ಬಿರುಕು ಬಿಡುತ್ತದಲ್ಲ, ಸೆನ್ಸರ್ ಪಕ್ಕದಲ್ಲೇ ಬಿರುಕು ಬಿಟ್ಟರೆ ಅದು ಅಳೆಯುವುದು ಗಾಳಿಯನ್ನು. ಪಕ್ಕದ ಮಣ್ಣು ಹಸಿ ಇದ್ದರೂ "ಒಣಗಿದೆ" ಅನ್ನುತ್ತದೆ. ಬೇರೆ ಊರಿನ ಕೆಂಪು ಮಣ್ಣಿಗೆ ಬರೆದ ಕೋಡ್ ತಂದು ಇಲ್ಲಿ ಹಾಕಿದರೆ ಕೆಲಸ ಕೆಡುತ್ತದೆ.

ದುಡ್ಡು, ಸ್ಪರ್ಧೆ, ಪೇಟೆಂಟ್

ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ, ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ನೆರವು ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ಹಾಗಾಗಿ ಮೊದಲೇ ವಿಭಾಗದಲ್ಲಿ ವಿಚಾರಿಸಿಡಿ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಆರು ಜನರ ತಂಡ ಬೇಕು, ಅದರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು, ಎಲ್ಲರೂ ಒಂದೇ ಕಾಲೇಜಿನವರಾಗಿರಬೇಕು. ಎರಡು ಕಾಲೇಜಿನ ತಂಡ ಕಟ್ಟಿದವರು ಇದನ್ನು ನೆನಪಿಡಿ. ಬಹುಮಾನಕ್ಕಾಗಿ ಸಮಸ್ಯೆ ಬದಲಿಸುವುದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಕಾಕಾಗೆ ಮಾತು ಕೊಟ್ಟಿದ್ದೀರಿ.

ಪೇಟೆಂಟ್ ಆಸೆ ಇದ್ದರೆ ಪ್ರದರ್ಶನದಲ್ಲಿ ತೋರಿಸುವ ಮೊದಲೇ, ಪೇಪರ್ ಪ್ರಕಟಿಸುವ ಮೊದಲೇ ತಾತ್ಕಾಲಿಕ ಅರ್ಜಿ ಹಾಕಿ. ಅಲ್ಲಿಂದ 12 ತಿಂಗಳ ಒಳಗೆ ಪೂರ್ಣ ವಿವರ ಕೊಡಬೇಕು. ಬೇಸಾಯದ ವಿಧಾನಕ್ಕೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ, ಯಂತ್ರಕ್ಕೆ ಸಿಗಬಹುದು. ಕಾನೂನು ಓದುವ ಒಬ್ಬರು ತಂಡದಲ್ಲಿದ್ದರೆ ಇಂಥವಕ್ಕೆ ಅನುಕೂಲ.

ವೈವಾ ಆದ ಮೇಲೆ

ಇದನ್ನು ಮೊದಲ ತಿಂಗಳಲ್ಲೇ ಬರೆದಿಡಿ. ಯಂತ್ರ ಯಾರ ಹತ್ತಿರ ಇರುತ್ತದೆ? ಕಾಲೇಜು ವಾಪಸ್ ಕೇಳುತ್ತದಾ? ಬ್ಯಾಟರಿ ಹೋದರೆ ಕಲಬುರಗಿಯ ಅಂಗಡಿಯಲ್ಲೇ ಸಿಗುತ್ತದಾ, ಅಥವಾ ಆನ್‌ಲೈನ್ ತರಿಸಬೇಕಾ? ಆನ್‌ಲೈನ್ ಮಾತ್ರ ಅಂದರೆ ಬೇರೆ ಬ್ಯಾಟರಿ ಹಾಕಿ ಡಿಸೈನ್ ಮಾಡಿ. ಸಿಮ್ ಇದ್ದರೆ ಅದು ಯಾರ ಹೆಸರಲ್ಲಿದೆ, ರೀಚಾರ್ಜ್ ಯಾರು ಮಾಡುತ್ತಾರೆ? ನೀವು ಕೆಲಸ ಸಿಕ್ಕಿ ಹೈದರಾಬಾದಿಗೋ ಪುಣೆಗೋ ಹೋಗುತ್ತೀರಿ, ನಂಬರ್ ಬದಲಾಗುತ್ತದೆ. ಪಾಸ್‌ವರ್ಡ್, ಸರ್ಕ್ಯೂಟ್ ಚಿತ್ರ, ತಾಳೆ ನೋಡಿದ ಪಟ್ಟಿ, ಯಾರ್‍ಯಾರ ಹತ್ತಿರ ಮಾತಾಡಿದಿರಿ ಅನ್ನುವುದು, ಎಲ್ಲ ಒಂದು ಫೋಲ್ಡರಿಗೆ ಹಾಕಿ ಮೂರನೇ ವರ್ಷದ ಇಬ್ಬರಿಗೆ ಕೊಡಿ. ಬರೀ ಲಿಂಕ್ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಆ ಇಬ್ಬರನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿ ಕಾಕಾಗೆ ಪರಿಚಯ ಮಾಡಿಸಿ, ಅವರ ನಂಬರ್ ಇವರ ಫೋನಿನಲ್ಲಿ, ಇವರ ನಂಬರ್ ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಟ್ಟು ಬನ್ನಿ.