ಪುಟ್ಟ ಬಜರ್‌ನಲ್ಲಿ ಮೋಹನ ರಾಗದ ಸ್ವರಗಳು

ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಆದ ಆರ್ಡುಯಿನೊ ಊನೊದಿಂದ ಸ್ವರ ನುಡಿಸಲು ಹೊರಟವರಲ್ಲಿ ಅನೇಕರು ಎಡವುವುದು ಪ್ರೋಗ್ರಾಮಿನಲ್ಲಲ್ಲ, ಬಜರ್ ಕೊಳ್ಳುವಾಗಲೇ. ಆಕ್ಟಿವ್ ಬಜರ್‌ನೊಳಗೆ ತಾನೇ ಕಂಪನ ಹುಟ್ಟಿಸುವ ಆಸಿಲೇಟರ್ ಇರುವುದರಿಂದ ವಿದ್ಯುತ್ ಕೊಟ್ಟೊಡನೆ ಅದು ತನ್ನದೇ ಒಂದು ಶ್ರುತಿಯಲ್ಲಿ ಕೂಗುತ್ತದೆ; ಅದರಲ್ಲಿ ರಾಗ ಹೊರಡುವುದಿಲ್ಲ. ನಮಗೆ ಬೇಕಾದುದು ಆಸಿಲೇಟರ್ ಇಲ್ಲದ, ನಾವು ಕೊಟ್ಟ ಆವರ್ತನದಲ್ಲೇ ನುಡಿಯುವ ಪ್ಯಾಸಿವ್ ಬಜರ್.

ಎರಡೂ ನೋಡಲು ಒಂದೇ ರೀತಿ ಇರುತ್ತವೆ. ತಳದಲ್ಲಿ ಹಸಿರು ಬೋರ್ಡ್ ಕಂಡರೆ ಪ್ಯಾಸಿವ್ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಎರಡು ಪೆನ್ಸಿಲ್ ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ, ಪ್ಲಸ್ ಮೈನಸ್ ಸರಿಯಾಗಿ ನೋಡಿಕೊಂಡು, ಬಜರ್‌ನ ಕಾಲುಗಳಿಗೆ ಕ್ಷಣಮಾತ್ರ ಮುಟ್ಟಿಸಿ: ಕೂಗಿದರೆ ಆಕ್ಟಿವ್, ‘ಟಿಕ್’ ಎಂದು ಸುಮ್ಮನಾದರೆ ಪ್ಯಾಸಿವ್. ಬಳಿಕ ಮಲ್ಟಿಮೀಟರ್‌ನಲ್ಲಿ ರೋಧ ಅಳೆಯಿರಿ. 16 ಅಥವಾ 42 ಓಮ್‌ನಂಥ ಸಣ್ಣ ಅಂಕಿ ಬಂದರೆ ಒಳಗಿರುವುದು ತಂತಿಯ ಸುರುಳಿ. 16 ಓಮ್ ಸುರುಳಿಯು 5 ವೋಲ್ಟ್‌ನಲ್ಲಿ ಸುಮಾರು 300 ಮಿಲಿಆಂಪಿಯರ್ ಎಳೆಯಲು ನೋಡುತ್ತದೆ; ಊನೊದ ಪಿನ್ನಿಗೆ ತಕ್ಕುದು 20 ಮಾತ್ರ. 100 ಓಮ್ ರೆಸಿಸ್ಟರ್ ಸೇರಿಸಿದರೆ ಸಾಕೆಂಬ ಅಡ್ಡದಾರಿಯಲ್ಲೂ ಅದು 40 ದಾಟುತ್ತದೆ. ಸುರುಳಿಯ ಬಜರ್‌ಗೆ ಟ್ರಾನ್ಸಿಸ್ಟರ್ ಮತ್ತು ಹಿಮ್ಮುಖವಾಗಿ ಜೋಡಿಸಿದ ಡಯೋಡ್ ಬೇಕೇ ಬೇಕು. ಹೊಸಬರು ಸುರುಳಿಯಿಲ್ಲದ, ವಿದ್ಯುತ್ತಿಗೆ ಬಾಗಿ ಕಂಪಿಸುವ ಪೀಜೋ ಬಿಲ್ಲೆಯ ಪ್ಯಾಸಿವ್ ಬಜರ್ ಕೊಳ್ಳುವುದೇ ಒಳ್ಳೆಯದು.

ಪೀಜೋದ ಒಂದು ಕಾಲನ್ನು 100 ಓಮ್ ರೆಸಿಸ್ಟರ್ ಮೂಲಕ 8ನೇ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಜೋಡಿಸಿ.

ಷಡ್ಜವನ್ನು 480 ಹರ್ಟ್ಜ್‌ಗೆ ಇಟ್ಟುಕೊಂಡರೆ ರಿ 540, ಗ 600, ಪ 720, ದ 800, ಮೇಲಿನ ಸ 960 ಎಂದು ಪೂರ್ಣಾಂಕಗಳೇ ಸಿಗುತ್ತವೆ. ಇದಕ್ಕಿಂತ ಕೆಳಗಿನ ಶ್ರುತಿ ಬೇಡ. ಇಷ್ಟು ಚಿಕ್ಕ ಬಿಲ್ಲೆಯಲ್ಲಿ ತಗ್ಗು ಸ್ವರ ಕ್ಷೀಣವಾಗುತ್ತದೆ.

ಪ್ರೋಗ್ರಾಮಿನಲ್ಲಿ ‘ಟೋನ್’ (tone) ಆದೇಶಕ್ಕೆ ಪಿನ್, ಆವರ್ತನ ಮತ್ತು ಅವಧಿ ಕೊಡಬೇಕು. ಆದರೆ ಈ ಆದೇಶ ಸ್ವರ ಮುಗಿಯುವವರೆಗೆ ಕಾಯುವುದಿಲ್ಲ, ಆರಂಭಿಸಿ ತಕ್ಷಣ ಮುಂದಿನ ಸಾಲಿಗೆ ಹೋಗುತ್ತದೆ. ಹಾಗಾಗಿ 400 ಮಿಲಿಸೆಕೆಂಡಿನ ಸ್ವರದ ನಂತರ ಅಷ್ಟು ಹೊತ್ತು ಕಾಯಿಸುವ 500ರ ‘ಡಿಲೇ’ (delay) ಕೊಡಿ. ಉಳಿಯುವ 100ರ ಮೌನವಿಲ್ಲದಿದ್ದರೆ ‘ಗ ಗ’ ಎಂಬುದು ಒಂದೇ ಉದ್ದನೆಯ ಗಾಂಧಾರವಾಗಿ ಕೇಳುತ್ತದೆ. ಸ್ವರ ನುಡಿಯುತ್ತಿರುವಾಗ 3 ಮತ್ತು 11ನೇ ಪಿನ್ನುಗಳ ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಮಾಡಿ ಹೊಳಪು ಹೆಚ್ಚು-ಕಡಿಮೆ ಮಾಡುವ ವಿಧಾನ) ಕೆಡುವುದರಿಂದ ಹೊಳಪು ಬದಲಿಸುವ ಎಲ್‌ಇಡಿಗಳನ್ನು ಅಲ್ಲಿ ಹಾಕಬೇಡಿ.

ಇಷ್ಟು ಕೈಗೆ ಹತ್ತಿದ ಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ‘ಜಾರು’ ಗಮಕವನ್ನು ಪ್ರಯತ್ನಿಸಬಹುದು: ಅವಧಿ ಕೊಡದೆ, 480ರಿಂದ 540ರವರೆಗೆ ಐದೈದು ಹರ್ಟ್ಜ್ ಏರಿಸುತ್ತ, ಪ್ರತಿ ಹೆಜ್ಜೆಗೆ 10 ಮಿಲಿಸೆಕೆಂಡ್ ನಿಲ್ಲಿಸಿ, ಕೊನೆಗೆ ಸ್ವರ ನಿಲ್ಲಿಸುವ ‘ನೋಟೋನ್’ (noTone) ಬರೆಯಿರಿ.