ಚಿಪ್ ಮೊದಲು, ಚುಚ್ಚುಮದ್ದು ಆಮೇಲೆ: ಕೆಂಪಿಯನ್ನು ಜರ್ಮನಿಗೆ ಕರೆದೊಯ್ದ ನನ್ನ ಅನುಭವ

ಕೆಂಪಿ ನಮಗೆ ಸಿಕ್ಕಿದ್ದು ಗಾಂಧಿಬಜಾರಿನ ಹೂವಿನ ಅಂಗಡಿಗಳ ಸಾಲಿನಲ್ಲಿ, 2019ರ ಒಂದು ಮಳೆಯ ಸಂಜೆ. ಅಪ್ಪಟ ನಾಡುನಾಯಿ. 2024ರ ಜನವರಿಯಲ್ಲಿ ನನ್ನ ಯಜಮಾನರಿಗೆ ಫ್ರಾಂಕ್‌ಫರ್ಟಿಗೆ ವರ್ಗವಾಯಿತು. ಕೆಂಪಿಯನ್ನು ಬಿಟ್ಟು ಹೋಗುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅವಳ ಲಸಿಕೆ ಪುಸ್ತಕ ಹಿಡಿದು ಧೈರ್ಯವಾಗಿಯೇ ಪಶುವೈದ್ಯರ ಬಳಿಗೆ ಹೋದೆ. ಒಂದು ವರ್ಷವೂ ತಪ್ಪದೆ ಹಾಕಿಸಿದ ರೇಬಿಸ್ ಚುಚ್ಚುಮದ್ದಿನ ದಾಖಲೆ ಅದರಲ್ಲಿತ್ತು.

ಡಾಕ್ಟರು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ: “ಮೈಕ್ರೋಚಿಪ್ ಯಾವಾಗ ಹಾಕಿಸಿದಿರಿ?”

ಹಾಕಿಸಿರಲಿಲ್ಲ. ಹಾಗಾಗಿ ಅಷ್ಟು ವರ್ಷಗಳ ಚುಚ್ಚುಮದ್ದುಗಳಲ್ಲಿ ಒಂದೂ ಲೆಕ್ಕಕ್ಕೆ ಬರಲಿಲ್ಲ. ಐರೋಪ್ಯ ಒಕ್ಕೂಟದ ನಿಯಮದಂತೆ ಚಿಪ್ ಮೊದಲು ಇರಬೇಕು, ರೇಬಿಸ್ ಲಸಿಕೆ ಅದರ ನಂತರದ್ದಾಗಿರಬೇಕು. ಲಸಿಕೆ ಪಡೆದ ನಾಯಿ ಇದೇ ಎಂದು ತೋರಿಸಲು ಚಿಪ್ಪಿನ ಸಂಖ್ಯೆಯಲ್ಲದೆ ಬೇರೆ ಗುರುತಿಲ್ಲ. ಯೋಚಿಸಿದರೆ ಅದು ನ್ಯಾಯವೇ. ಆದರೂ ಅಂದು ಕಣ್ಣಲ್ಲಿ ನೀರು ಬಂತು. ಜನವರಿ 22ರಂದು ಅದೇ ಕೋಣೆಯಲ್ಲಿ ಕೆಂಪಿಯ ಭುಜಗಳ ನಡುವೆ, ಚರ್ಮದಡಿಯಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಹಾಕಿದರು. ಐಎಸ್‌ಒ ಮಾನದಂಡದ, ಹದಿನೈದು ಅಂಕಿಗಳ ಚಿಪ್. ಸ್ಕ್ಯಾನರಿನಲ್ಲಿ ಸಂಖ್ಯೆ ಮೂಡಿದ್ದನ್ನು ನೋಡಿಕೊಂಡ ಮೇಲೆಯೇ ರೇಬಿಸ್ ಚುಚ್ಚುಮದ್ದು ಹಾಕಿಸಿದೆ.

ಅಲ್ಲಿಂದ ಮುಂದೆ ನಮ್ಮ ಪ್ರಯಾಣದ ದಿನವನ್ನು ನಿರ್ಧರಿಸಿದ್ದು ಕ್ಯಾಲೆಂಡರು. ಭಾರತದಿಂದ ಹೋಗುವ ನಾಯಿಗೆ ರೇಬಿಸ್ ಟೈಟರ್ ಪರೀಕ್ಷೆ, ಅಂದರೆ ರಕ್ತದಲ್ಲಿ ರೇಬಿಸ್ ವಿರುದ್ಧದ ಪ್ರತಿಕಾಯಗಳು ಎಷ್ಟಿವೆ ಎಂದು ಅಳೆಯುವ ಪರೀಕ್ಷೆ, ಕಡ್ಡಾಯ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ಐರೋಪ್ಯ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯದಲ್ಲೇ ಅದರ ಪರೀಕ್ಷೆಯಾಗಬೇಕು. ಪ್ರತಿಕಾಯಗಳ ಮಟ್ಟ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಷ್ಟಾದ ಮೇಲೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬದೆ ನಾಯಿ ಒಳಗೆ ಕಾಲಿಡುವಂತಿಲ್ಲ. ವರದಿ ಬಂದ ದಿನದಿಂದ ಎಣಿಸಬೇಕೆಂದು ಕೆಲವರು ತಪ್ಪು ತಿಳಿಯುತ್ತಾರೆ. ಎಣಿಸಬೇಕಾದದ್ದು ರಕ್ತ ತೆಗೆದ ದಿನದಿಂದ. ಈ ಮೂರು ತಿಂಗಳು ಏಕೆ ಎಂದು ಡಾಕ್ಟರನ್ನು ಕೇಳಿದೆ. ಲಸಿಕೆಗೆ ಮುಂಚೆಯೇ ಸೋಂಕು ತಗುಲಿದ್ದ ನಾಯಿಯಾದರೆ ಅದರಲ್ಲಿ ರೋಗ ಕಾಣಿಸಿಕೊಳ್ಳಲು ಕೊಡುವ ಕಾಲಾವಕಾಶ ಅದು ಎಂದರು. ನಮ್ಮ ದೇಶದಲ್ಲಿ ರೇಬಿಸ್ ಇನ್ನೂ ಜನರನ್ನು ಕೊಲ್ಲುತ್ತಿದೆ. ಆ ಉತ್ತರ ಕೇಳಿದ ಮೇಲೆ ನಿಯಮದ ಮೇಲಿನ ನನ್ನ ಸಿಟ್ಟು ಇಳಿಯಿತು.

ಫೆಬ್ರವರಿ 26ರಂದು ರಕ್ತ ತೆಗೆದು, ಸೀರಮ್ ಬೇರ್ಪಡಿಸಿ ಕೊರಿಯರಿಗೆ ಸಿದ್ಧಮಾಡಿದರು. ಹಿಂದಿನ ರಾತ್ರಿ ನಾನೂ ಅಮ್ಮನೂ ಒಂದು ಅಭ್ಯಾಸ ಮಾಡಿಕೊಂಡಿದ್ದೆವು: ಅಮ್ಮ ಮಗ್ಗಿ ಹೇಳುವಂತೆ ಚಿಪ್ಪಿನ ಹದಿನೈದು ಅಂಕಿಗಳನ್ನು ಒಂದೊಂದಾಗಿ ಹೇಳುವುದು, ನಾನು ಕಾಗದದ ಮೇಲೆ ಬೆರಳಿಟ್ಟು ಹೋಲಿಸುವುದು. ಮರುದಿನ ರಕ್ತ ತೆಗೆದ ಕಡೆಯೂ ಹಾಗೆಯೇ ಮಾಡಿದೆವು. ಪ್ರಯೋಗಾಲಯಕ್ಕೆ ಹೋಗುವ ಅರ್ಜಿಯಲ್ಲಿ ಎರಡು ಅಂಕಿಗಳು ಅದಲುಬದಲಾಗಿದ್ದವು. ಪೆಟ್ಟಿಗೆ ಮುಚ್ಚುವ ಮೊದಲೇ ತಿದ್ದಿಸಿದೆವು. ಆ ತಪ್ಪು ಹಾಗೆಯೇ ಹೋಗಿದ್ದರೆ ವರದಿಯ ಸಂಖ್ಯೆಯೂ ಕೆಂಪಿಯ ಮೈಯಲ್ಲಿರುವ ಸಂಖ್ಯೆಯೂ ಹೊಂದುತ್ತಿರಲಿಲ್ಲ. ಕಾಗದದ ಮೇಲೆ ಅದು ಬೇರೆ ಯಾವುದೋ ನಾಯಿಯ ರಕ್ತವಾಗುತ್ತಿತ್ತು. ಈ ಇಡೀ ಕೆಲಸದಲ್ಲಿ ನಾನು ಯಾರಿಗಾದರೂ ಒಂದೇ ಒಂದು ಬುದ್ಧಿಮಾತು ಹೇಳಬಹುದಾದರೆ ಇದನ್ನೇ ಹೇಳುತ್ತೇನೆ: ಪ್ರತಿ ಕಾಗದದಲ್ಲೂ ಆ ಸಂಖ್ಯೆಯನ್ನು ನೀವೇ ಓದಿ, ಇನ್ನೊಬ್ಬರಿಂದಲೂ ಓದಿಸಿ.

ಯಜಮಾನರು ಏಪ್ರಿಲ್‌ನಲ್ಲಿಯೇ ಹೊರಡಬೇಕಾಯಿತು. ನಾನು ಉಳಿದೆ. ಸ್ವಂತ ಸಾಕುಪ್ರಾಣಿಯೆಂದು ಒಯ್ಯಬೇಕಾದರೆ ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿರಬಾರದು. ಅದು ಮೀರಿದರೆ ವಾಣಿಜ್ಯ ಸಾಗಣೆಯ ನಿಯಮಗಳು ಅನ್ವಯಿಸುತ್ತವೆ. ಅದಕ್ಕಾಗಿ ಮಾಲೀಕಳೆಂದು ಎಲ್ಲ ಕಾಗದಗಳಲ್ಲೂ ನನ್ನ ಹೆಸರನ್ನೇ ಬರೆಸಿದ್ದೆವು.

ಆ ತಿಂಗಳುಗಳು ವ್ಯರ್ಥವಾಗಲಿಲ್ಲ. ಕೆಂಪಿಗೆ ಪಂಜರದ ಅಭ್ಯಾಸ ಮಾಡಿಸಲು ನನಗೆ ಬೇಕಾದದ್ದೇ ಸಮಯ. ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘಟನೆಯಾದ ಐಎಟಿಎ ನಿಯಮದ ಅಳತೆ ಹೀಗಿದೆ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಸೇರಿಸಿದರೆ ಪಂಜರದ ಉದ್ದ, ಭುಜಗಳ ಅಗಲದ ಎರಡರಷ್ಟು ಪಂಜರದ ಅಗಲ. ಕೆಂಪಿಗೆ 70 ಸೆಂಟಿಮೀಟರಿಗೆ 15 ಸೇರಿ 85 ಬಂತು. ಎತ್ತರದಲ್ಲಿ ನಾನು ಎಡವಿದೆ. ನೆತ್ತಿಯವರೆಗೆ ಅಳೆದು ಪಂಜರ ತಂದೆ. ಅಳೆಯಬೇಕಾದದ್ದು ನೆತ್ತಿ, ಕಿವಿಯ ತುದಿ ಇವೆರಡರಲ್ಲಿ ಯಾವುದು ಎತ್ತರವೋ ಅದನ್ನು. ಅದರ ಮೇಲೆ ಹಾಸಿಗೆಯ ದಪ್ಪ ಬೇರೆ. ನಮ್ಮ ನಾಡುನಾಯಿಗಳ ಕಿವಿ ನಿಗುರಿ ನಿಂತಿರುತ್ತದಲ್ಲ, ಕೆಂಪಿ ಒಳಗೆ ನಿಂತಾಗ ಕಿವಿಗಳು ಚಾವಣಿಗೆ ತಾಗಿ ಮಡಚಿದವು. ಪಂಜರ ವಾಪಸು ಮಾಡಿ ಇನ್ನೊಂದು ಅಳತೆಯದನ್ನು ತಂದೆ. ಮೂರು ತಿಂಗಳು ಅದು ನಮ್ಮ ನಡುಮನೆಯಲ್ಲೇ ಇತ್ತು. ಬಾಗಿಲು ತೆರೆದಿಟ್ಟು ಮೊಸರನ್ನವನ್ನು ಅದರೊಳಗೇ ಕೊಟ್ಟೆವು. ಮೇ ತಿಂಗಳ ಹೊತ್ತಿಗೆ ಮಧ್ಯಾಹ್ನದ ನಿದ್ದೆಗೆ ಅವಳೇ ಅಲ್ಲಿಗೆ ಹೋಗುತ್ತಿದ್ದಳು.

ಟಿಕೆಟ್ ಕೊಳ್ಳುವ ಮೊದಲೇ ವಿಮಾನಯಾನ ಸಂಸ್ಥೆಗೆ ಫೋನ್ ಮಾಡಿ ಪ್ರಾಣಿಗೆ ಸ್ಥಳ ಕಾಯ್ದಿರಿಸಬೇಕು. ಒಂದು ವಿಮಾನದಲ್ಲಿ ಕೆಲವೇ ಪ್ರಾಣಿಗಳಿಗೆ ಅವಕಾಶ. ಹದಿನೆಂಟು ಕಿಲೋ ತೂಗುವ ಕೆಂಪಿ ಸೀಟಿನ ಬಳಿ ಕೂರುವಂತಿರಲಿಲ್ಲ. ವಿಮಾನದ ಕೆಳಭಾಗದ ಸರಕಿನ ಅಂಕಣದಲ್ಲಿಯೂ ಗಾಳಿಯ ಒತ್ತಡ ಮತ್ತು ತಾಪಮಾನವನ್ನು ಕಾಯ್ದುಕೊಳ್ಳುತ್ತಾರೆ ಎಂದು ತಿಳಿದ ಮೇಲೆಯೇ ನನಗೆ ನಿದ್ದೆ ಬಂದದ್ದು. ಮಂಪರು ಬರಿಸುವ ಔಷಧ ಕೊಡಲು ಡಾಕ್ಟರು ಒಪ್ಪಲಿಲ್ಲ. ಎತ್ತರದಲ್ಲಿ ಅದು ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅಪಾಯ ಎಂದರು.

ಕೊನೆಯ ಮತ್ತು ಮುಖ್ಯ ಕಾಗದ ಆರೋಗ್ಯ ಪ್ರಮಾಣಪತ್ರ. ಇದಕ್ಕೆ ಖಾಸಗಿ ವೈದ್ಯರ ಸಹಿ ಮಾತ್ರ ಸಾಲದು; ಕೇಂದ್ರ ಪಶುಸಂಗೋಪನಾ ಇಲಾಖೆಯ ಎಕ್ಯೂಸಿಎಸ್ (ಪ್ರಾಣಿಗಳ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ) ಕಚೇರಿಯ ಅಧಿಕೃತ ಪಶುವೈದ್ಯರ ಸಹಿ, ಮೊಹರು ಬೇಕು. ಅವರು ಕೊಟ್ಟ ದಿನದಿಂದ ಐರೋಪ್ಯ ಗಡಿ ಮುಟ್ಟುವವರೆಗೆ ಅದಕ್ಕೆ ಹತ್ತೇ ದಿನದ ಆಯುಸ್ಸು. ಹೀಗಾಗಿ ಅವಸರಪಟ್ಟು ಮೊದಲೇ ಮಾಡಿಸಿಟ್ಟುಕೊಳ್ಳುವಂತಿಲ್ಲ. ಜೂನ್ 5ರಂದು ಕೆಂಪಿಯನ್ನು ಕರೆದುಕೊಂಡೇ ಹೋದೆ. ಚಿಪ್ ಓದಿದರು, ಟೈಟರ್ ವರದಿ ನೋಡಿದರು. ಪತ್ರ ಇಂಗ್ಲಿಷ್ ಮತ್ತು ಜರ್ಮನ್ ಎರಡರಲ್ಲೂ ಇರಬೇಕು. ಸಹಿ ಮತ್ತು ಮೊಹರಿನ ಬಣ್ಣ ಮುದ್ರಿತ ಅಕ್ಷರಗಳ ಬಣ್ಣಕ್ಕಿಂತ ಬೇರೆಯಾಗಿರಬೇಕು. ಅಲ್ಲಿದ್ದ ಅಧಿಕಾರಿ ಪ್ರತಿ ಪುಟವನ್ನೂ ತಾಳ್ಮೆಯಿಂದ ನೋಡಿ ನೀಲಿ ಶಾಯಿಯಲ್ಲಿ ಸಹಿ ಹಾಕಿದರು. ಫಿನ್‌ಲೆಂಡ್, ಐರ್ಲೆಂಡಿಗೆ ಹೋಗುವ ನಾಯಿಗಳಿಗೆ ಲಾಡಿಹುಳುವಿನ ಔಷಧದ ದಾಖಲೆಯೂ ಬೇಕು, ಜರ್ಮನಿಗೆ ಬೇಡ.

ಜೂನ್ 8ರ ರಾತ್ರಿ ಹತ್ತು ಗಂಟೆಗೆ ಬಸವನಗುಡಿಯಿಂದ ದೇವನಹಳ್ಳಿಯ ಕಡೆ ಹೊರಟೆವು. ಸಂಜೆ ಸ್ವಲ್ಪವೇ ಊಟ ಕೊಟ್ಟಿದ್ದೆ. ಪಂಜರದ ಬಟ್ಟಲಿನ ನೀರನ್ನು ಮಂಜುಗಡ್ಡೆ ಮಾಡಿಟ್ಟಿದ್ದೆ; ಚೆಲ್ಲುವುದಿಲ್ಲ, ನಿಧಾನವಾಗಿ ಕರಗಿ ಕುಡಿಯಲು ಸಿಗುತ್ತದೆ. ಭದ್ರತಾ ತಪಾಸಣೆಯಲ್ಲಿ ಅವಳನ್ನು ಹೊರಗಿಳಿಸಿ ಖಾಲಿ ಪಂಜರವನ್ನು ಯಂತ್ರದಲ್ಲಿ ಹಾಯಿಸಿದರು. ಬಾಗಿಲಿಗೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಅದಕ್ಕಾಗಿ ಕತ್ತರಿಸಬೇಕಾಯಿತು. ಕೈಚೀಲದಲ್ಲಿ ಹೆಚ್ಚುವರಿ ಪಟ್ಟಿಗಳಿದ್ದದ್ದು ಒಳ್ಳೆಯದಾಯಿತು. ಅಮ್ಮ ಪಂಜರದ ಮೇಲೆ ಅವಳ ಹೆಸರು ಬರೆದು ಅಂಟಿಸಿದ್ದರು. ಪಂಜರ ತಳ್ಳಿಕೊಂಡು ಹೋದ ಹುಡುಗ ಅದನ್ನು ಓದಿ, “ಬಾ ಕೆಂಪಿ” ಎಂದ. ಅಷ್ಟಕ್ಕೇ ನನ್ನ ಎದೆ ಹಗುರವಾಯಿತು.

ಫ್ರಾಂಕ್‌ಫರ್ಟಿನಲ್ಲಿ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ನಾವಾಗಿಯೇ ಘೋಷಿಸಿಕೊಂಡೆವು. ಸ್ಕ್ಯಾನರಿನಲ್ಲಿ ಬಂದ ಹದಿನೈದು ಅಂಕಿಗಳನ್ನು ಅಧಿಕಾರಿ ಪತ್ರದೊಂದಿಗೆ ಹೋಲಿಸಿದರು. ನಾನೂ ಮನಸ್ಸಿನಲ್ಲಿ ಅಮ್ಮನ ರಾಗದಲ್ಲಿ ಜೊತೆಗೇ ಹೇಳಿಕೊಂಡೆ. ಎಲ್ಲವೂ ಹೊಂದಿತು. ಹೊರಗೆ ಬಂದೊಡನೆ ಕೆಂಪಿ ಹುಲ್ಲು ಹುಡುಕಿದಳು.

ಟೈಟರ್ ವರದಿ ಮತ್ತೆ ಮಾಡಿಸಬೇಕಿಲ್ಲ, ಆದರೆ ರೇಬಿಸ್ ಲಸಿಕೆ ಒಂದು ದಿನವೂ ಅವಧಿ ಮೀರದಂತೆ ಮುಂದುವರಿಯಬೇಕು. ತಪ್ಪಿದರೆ ವರದಿಯೂ ಬಿದ್ದುಹೋಗುತ್ತದೆ. ಈಗ ಪ್ರತಿ ವರ್ಷ ಸಂಕ್ರಾಂತಿಯ ದಿನ ಅಮ್ಮ ಫೋನ್ ಮಾಡಿ ಎಳ್ಳುಬೆಲ್ಲದ ಮಾತಿಗೂ ಮುಂಚೆ ಕೇಳುವುದು, ಕೆಂಪಿಯ ಇಂಜೆಕ್ಷನ್ನಿಗೆ ದಿನ ಗೊತ್ತು ಮಾಡಿದೆಯಾ ಎಂದು.